ಟಾಕೀಸಿಗೆ ಬೀಗ ಹಾಕಿದ್ದು ಮೊಬೈಲ್ ಅಲ್ಲ

ನಮ್ಮ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದವರು ಬೆಳಗಿನ ಜಾವ ಕಣ್ಣುಜ್ಜಿಕೊಂಡು ಇಳಿಯುವುದು ಎಲ್ಲಿ? ಮೆಜೆಸ್ಟಿಕ್‌ನಲ್ಲಿ. ಬೋರ್ಡಿನ ಮೇಲೆ ಕೆಂಪೇಗೌಡ ಬಸ್ ನಿಲ್ದಾಣ ಅಂತ ದೊಡ್ಡದಾಗಿ ಬರೆದಿದ್ದರೂ ಕಂಡಕ್ಟರ್ ಕೂಗುವುದು ಮೆಜೆಸ್ಟಿಕ್ ಅಂತಲೇ. ಅದು ಒಂದು ಸಿನಿಮಾ ಟಾಕೀಸಿನ ಹೆಸರು. ಟಾಕೀಸು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಇಡೀ ಕರ್ನಾಟಕದ ಬಾಯಲ್ಲಿದೆ. ಮಂಗಳೂರಿಗೆ ಹೋದರೆ ಜ್ಯೋತಿ ಸರ್ಕಲ್. ಅದೂ ಟಾಕೀಸಿನ ಹೆಸರೇ, ಅಲ್ಲೂ ಟಾಕೀಸು ಇಲ್ಲ. ನಮ್ಮ ಶಿವಮೊಗ್ಗದಲ್ಲಿ ಆಟೋದವರಿಗೆ 'ಲಕ್ಷ್ಮಿ ಟಾಕೀಸ್ ಹತ್ರ ಬಿಡಿ' ಅಂದರೆ ಸಾಕು. ಯಾವ ಸಿನಿಮಾ ಅಂತ ಅವರು ಕೇಳುವುದಿಲ್ಲ. ಅದು ಊರಿನ ಒಂದು ಭಾಗದ ಹೆಸರು.

ರಾಜರ ಹೆಸರು, ಮಂತ್ರಿಗಳ ಹೆಸರು ಇಟ್ಟ ಸರ್ಕಲ್‌ಗಳನ್ನು ಜನ ಮರೆತುಬಿಡುತ್ತಾರೆ. ಟಾಕೀಸಿನ ಹೆಸರು ಮರೆಯುವುದಿಲ್ಲ. ಯಾಕೆ ಅಂತ ಯಾರಾದರೂ ಯೋಚಿಸಿದ್ದಾರಾ?

ಇದನ್ನು ಬರೆಯಲು ಕಾರಣ ಒಂದು ವಿಡಿಯೊ. ಯಾವುದೋ ಊರಿನ ಹಳೇ ಟಾಕೀಸಿನ ಮುಖಕ್ಕೆ ಜೆಸಿಬಿ ಹೊಡೆಯುತ್ತಿದೆ. ಹಿಂದೆ ದುಃಖದ ಮ್ಯೂಸಿಕ್ಕು. ನಮ್ಮ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಅಳುವ ಮುಖ ಹಾಕಿದ್ದೇ ಹಾಕಿದ್ದು. ಕೊನೆಗೆ ಒಬ್ಬರು ತೀರ್ಪು ಕೊಟ್ಟರು: 'ಎಲ್ಲಾ ಮೊಬೈಲ್ ಮಹಿಮೆ.' ಅದಕ್ಕೆ ಇಪ್ಪತ್ತೆಂಟು ಲೈಕು. ಅಲ್ಲಿಗೆ ಕೇಸು ಮುಗಿಯಿತು. ಟಾಕೀಸು ಸತ್ತಿತು, ಕೊಲೆಗಾರ ನಿಮ್ಮ ಜೇಬಿನಲ್ಲೇ ಇದ್ದಾನೆ, ಎಲ್ಲರೂ ಮನೆಗೆ ಹೋಗಿ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಇದು ಅರ್ಧ ಸುಳ್ಳು. ಈ ಅರ್ಧ ಸುಳ್ಳಿನಿಂದ ಯಾರಿಗೆ ಲಾಭ ಅಂತಲೂ ನೋಡಬೇಕು.

ಮೊದಲು ಭದ್ರಾವತಿಯ ಮಾತು. ನನ್ನ ಊರು ಹೊಳೆಹೊನ್ನೂರಿನ ಹತ್ತಿರ. ಬಸ್ಸು ಹತ್ತಿದರೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಭದ್ರಾವತಿ. ಸೋದರಮಾವ ಪೇಪರ್ ಮಿಲ್ಲಿನಲ್ಲಿದ್ದರು, ಪೇಪರ್ ಟೌನಿನಲ್ಲಿ ಕ್ವಾರ್ಟರ್ಸು. ಬೇಸಿಗೆ ರಜೆ ಬಂದರೆ ನಾವು ಮಕ್ಕಳು ಅಲ್ಲೇ ಬೀಡು. ಮಾವನ ಪಾಳಿ ಯಾವುದು ಅನ್ನುವುದರ ಮೇಲೆ ನಮ್ಮ ಸಿನಿಮಾ ಯಾವ ಶೋ ಅಂತ ತೀರ್ಮಾನವಾಗುತ್ತಿತ್ತು. ಬೆಳಗಿನ ಪಾಳಿ ಇದ್ದರೆ ಫಸ್ಟ್ ಶೋ. ರಾತ್ರಿ ಪಾಳಿ ಇದ್ದರೆ ಮ್ಯಾಟ್ನಿ, ಮಾವ ಇಂಟರ್‌ವಲ್ ತನಕ ನಿದ್ದೆ. ಸಂಬಳದ ವಾರ ಹೋದರೆ ಟಿಕೇಟು ಸಿಗುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಹೋದರೆ ಬೆಂಚಿನ ಮೇಲೆ ಕಾಲು ಚಾಚಿ ಕೂರಬಹುದಿತ್ತು. ಕೈಯಲ್ಲಿ ಕಾಸಿದ್ದರೆ ಟಾಕೀಸು ತುಂಬುತ್ತದೆ, ಇಲ್ಲದಿದ್ದರೆ ಖಾಲಿ. ಇದು ಆಗ ಹತ್ತು ವರ್ಷದ ನನಗೂ ಗೊತ್ತಿತ್ತು.

ಬೆಂಕಿಪುರ ಅನ್ನುವ ಊರು ಭದ್ರಾವತಿಯಾಗಿ ಬೆಳೆದದ್ದೇ ಕಾರ್ಖಾನೆಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಎಲ್ಲೆಲ್ಲಿಂದಲೋ ಜನ ಬಂದರು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲಾ ಮಾತು ಒಂದೇ ಬೀದಿಯಲ್ಲಿ. ಎಂಟು ಗಂಟೆ ದುಡಿದು ಬಂದವರಿಗೆ ಸಂಜೆ ಎಲ್ಲಾದರೂ ಕೂರಬೇಕಲ್ಲ, ಅದಕ್ಕೆ ಟಾಕೀಸು. ಈಗ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ದಶಕವೇ ಆಗುತ್ತಾ ಬಂತು. ವಿಐಎಸ್‌ಎಲ್ ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತದ್ದು ನಿಮಗೆಲ್ಲ ನೆನಪಿರಬೇಕು. ಮಾವನ ಕುಟುಂಬ ಕ್ವಾರ್ಟರ್ಸ್ ಬಿಟ್ಟು ಬೇರೆ ಊರಿಗೆ ಹೋಯಿತು. ಅವರಂಥ ಸಾವಿರಾರು ಮನೆಗಳು ಖಾಲಿಯಾದ ಊರಿನಲ್ಲಿ ಟಾಕೀಸು ಖಾಲಿಯಾದರೆ ಅದು ಮೊಬೈಲ್ ತಪ್ಪಾ?

ಶಿವಮೊಗ್ಗದ ಕಥೆ ಬೇರೆ. ಅಲ್ಲಿ ದುಡ್ಡಿದೆ, ಜನ ಇದ್ದಾರೆ. ಆದರೆ ಟಾಕೀಸು ನಿಂತ ಜಾಗದ ಬೆಲೆ ಟಾಕೀಸಿಗಿಂತ ದೊಡ್ಡದಾಗಿ ಬೆಳೆದುಬಿಟ್ಟಿದೆ. ಮುಖ್ಯ ರಸ್ತೆ, ಎದುರಿಗೆ ಬಸ್ಸು, ಒಳಗೆ ಗಾಡಿ ನಿಲ್ಲಿಸಲು ಖಾಲಿ ಅಂಗಳ. ಕಾಂಪ್ಲೆಕ್ಸು ಕಟ್ಟುವವರ ಕಣ್ಣಿಗೆ ಇದಕ್ಕಿಂತ ಒಳ್ಳೆಯ ನಿವೇಶನ ಯಾವುದು? ವರ್ಷಪೂರ್ತಿ ಸಿನಿಮಾ ಓಡಿಸಿ ಬರುವ ದುಡ್ಡಿಗಿಂತ ಮಳಿಗೆ ಬಾಡಿಗೆ ಹೆಚ್ಚು, ಮದುವೆ ಛತ್ರದ ಬಾಡಿಗೆ ಇನ್ನೂ ಹೆಚ್ಚು. ಮಾಲೀಕರನ್ನು ನಾನು ಬೈಯುತ್ತಿಲ್ಲ. ಅವರೂ ಮನೆ ನಡೆಸಬೇಕು. ಡಿಜಿಟಲ್ ಬಂದ ಮೇಲೆ ಪ್ರೊಜೆಕ್ಟರ್ ಕಂಪನಿಗೆ ದುಡ್ಡು ಕಟ್ಟಬೇಕು, ಕರೆಂಟು ಬಿಲ್ಲು ಕಟ್ಟಬೇಕು, ಹತ್ತು ಜನ ಬಂದರೂ ಶೋ ನಡೆಸಬೇಕು. ಹಿಂದೆ ಸಿನಿಮಾದ ಡಬ್ಬ ಮೊದಲು ಬೆಂಗಳೂರು, ಮೈಸೂರು ಸುತ್ತಿ ಆಮೇಲೆ ನಮ್ಮ ಕಡೆ ಬರುತ್ತಿತ್ತು. ತಡವಾದರೂ ನೂರು ದಿನ ಓಡುತ್ತಿತ್ತು. ಈಗ ಎಲ್ಲಾ ಊರಲ್ಲೂ ಒಂದೇ ಶುಕ್ರವಾರ ಬಿಡುಗಡೆ, ಸೋಮವಾರದ ಹೊತ್ತಿಗೆ ಗಂಟೆ ಬಾರಿಸಿದಂತೆ. ಮೂರು ದಿನದಲ್ಲಿ ಜನ ಬರಬೇಕು, ಇಲ್ಲದಿದ್ದರೆ ಇಲ್ಲ. ಗದ್ದೆ ನಾಟಿ ಬಿಟ್ಟು, ಅಡಿಕೆ ಕೊಯ್ಲು ಬಿಟ್ಟು ಮೂರು ದಿನದೊಳಗೆ ಪೇಟೆಗೆ ಬರಲು ನಮಗಾಗುತ್ತದಾ? ವ್ಯಾಪಾರದ ಕ್ರಮ ಬದಲಾದಾಗ ಹಳ್ಳಿಯವನ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಮೊಬೈಲ್ ವಾದಕ್ಕೆ ಉತ್ತರ ಬೇಕಿದ್ದರೆ ಅಮೆರಿಕಕ್ಕೆ ಹೋಗಿ ನೋಡಬೇಕು. ನಗಬೇಡಿ, ವಿಷಯ ಇದೆ.

ಸುಮಾರು 1915ರಿಂದ 1932ರ ತನಕ ಅಮೆರಿಕದ ಊರೂರಲ್ಲಿ ಸಿನಿಮಾಕ್ಕೆ ಅಂತ ಅರಮನೆ ಕಟ್ಟಿದರು. ಬಾಯಿಮಾತಿಗೆ ಹೇಳುತ್ತಿಲ್ಲ, ಅವರು ಕರೆಯುತ್ತಿದ್ದದ್ದೇ ಸಿನಿಮಾ ಅರಮನೆ ಅಂತ. ನ್ಯೂಯಾರ್ಕಿನ ರಾಕ್ಸಿ 1927ರಲ್ಲಿ ತೆರೆಯಿತು. ಹತ್ತಿರ ಹತ್ತಿರ 6,000 ಸೀಟು. ಜಾನ್ ಎಬರ್ಸನ್ ಅನ್ನುವ ವಾಸ್ತುಶಿಲ್ಪಿ ಒಳಗಿನ ಚಾವಣಿಯನ್ನೇ ರಾತ್ರಿಯ ಆಕಾಶದ ಹಾಗೆ ಮಾಡಿ ನಕ್ಷತ್ರ ಮಿನುಗಿಸುತ್ತಿದ್ದ, ಯಂತ್ರದಿಂದ ಮೋಡ ತೇಲಿಸುತ್ತಿದ್ದ. ಥಾಮಸ್ ಲ್ಯಾಂಬ್ ಅನ್ನುವವನು ಅಲ್ಲಿ ಹತ್ತಾರು ಅರಮನೆ ಕಟ್ಟಿ, ನಮ್ಮ ಮುಂಬೈಯ ಮೆಟ್ರೋ ಟಾಕೀಸಿಗೂ ನಕ್ಷೆ ಹಾಕಿದ. ಅದು 1938ರಲ್ಲಿ ತೆರೆಯಿತು. ಜನ ಮೊದಲ ಸಲ ಏಸಿ ಗಾಳಿ ಕುಡಿದದ್ದೂ ಇಂಥ ಟಾಕೀಸುಗಳಲ್ಲೇ. ಮಿಲ್ಲಿನ ಹುಡುಗಿ, ಹಡಗಿನ ಕೂಲಿ, ಯಾರೇ ಆಗಲಿ ಸಣ್ಣ ನಾಣ್ಯ ಕೊಟ್ಟು ಅಮೃತಶಿಲೆ ಮೆಟ್ಟಿಲು ಹತ್ತಬಹುದಿತ್ತು.

ಆಮೇಲೆ ಅವು ಬಿದ್ದವು. ಯಾಕೆ ಅಂದರೆ ಅಮೆರಿಕದವರೂ ಹೇಳುವುದು ಒಂದೇ ಮಾತು: ಟಿವಿ ಬಂತು. ಆದರೆ ಅಲ್ಲಿ ಸಿನಿಮಾಕ್ಕೆ ಅತಿ ಹೆಚ್ಚು ಜನ ಹೋದದ್ದು 1946ರಲ್ಲಿ. ಮರುವರ್ಷದಿಂದಲೇ ಇಳಿತ ಶುರು. ಆಗ ಟಿವಿ ಇದ್ದ ಮನೆ ಬೆರಳೆಣಿಕೆ! ಟಿವಿ ಬರುವ ಮೊದಲೇ ಜನ ಪೇಟೆ ಬಿಟ್ಟು ದೂರದ ಬಡಾವಣೆಗಳಿಗೆ ಮನೆ ಮಾಡಿಕೊಂಡು ಹೋಗುತ್ತಿದ್ದರು, ಟ್ರಾಮು ಬಿಟ್ಟು ಕಾರು ಹತ್ತುತ್ತಿದ್ದರು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಿನಿಮಾ ತಯಾರಿಸುವ ಕಂಪನಿಗಳೇ ಟಾಕೀಸು ಹಿಡಿದಿಟ್ಟುಕೊಳ್ಳುವುದು ತಪ್ಪು ಅಂತ ತೀರ್ಪು ಕೊಟ್ಟಿತು. ತೀರ್ಪು ಸರಿಯೇ ಇರಬಹುದು, ಆದರೆ ಆಮೇಲೆ ಆ ದೊಡ್ಡ ಕಟ್ಟಡಗಳನ್ನು ಸಾಕುವವರು ಕಡಿಮೆಯಾದರು. ಟಿವಿ ಬಂದದ್ದು ಕೊನೆಯ ಏಟು ಹಾಕಲು.

ರಾಕ್ಸಿಯನ್ನು 1960ರಲ್ಲಿ ಕೆಡವಿದರು. ಅದರ ಮೊದಲ ಸಿನಿಮಾದ ನಾಯಕಿ ಗ್ಲೋರಿಯಾ ಸ್ವಾನ್ಸನ್ ಒಡೆದ ಗೋಡೆಗಳ ನಡುವೆ ಕೈಚಾಚಿ ನಿಂತ ಫೋಟೊ ಇದೆ. ಹುಡುಕಿ ನೋಡಿ, ಮೈ ಜುಂ ಅನ್ನುತ್ತದೆ. ಡೆಟ್ರಾಯಿಟ್ ನಮ್ಮ ಭದ್ರಾವತಿಯ ದೊಡ್ಡಣ್ಣ, ಕಾರು ಕಾರ್ಖಾನೆಯ ಊರು. ಅಲ್ಲಿನ ಮಿಶಿಗನ್ ಥಿಯೇಟರ್‌ 1926ರದ್ದು. ಅದರೊಳಗೆ ಈಗ ಕಾರು ನಿಲ್ಲಿಸುತ್ತಾರೆ. ಮೇಲೆ ಕೆತ್ತನೆಯ ಚಾವಣಿ ಹಾಗೇ ಇದೆ, ಕೆಳಗೆ ಪಾರ್ಕಿಂಗು. ಹೆನ್ರಿ ಫೋರ್ಡ್ ತನ್ನ ಮೊದಲ ಕಾರು ಕಟ್ಟಿದ ಕೊಟ್ಟಿಗೆ ಇದ್ದದ್ದೂ ಅದೇ ಜಾಗವಂತೆ.

ಆದರೆ ಎಲ್ಲ ಊರೂ ಸುಮ್ಮನೆ ಕೂರಲಿಲ್ಲ. ಅಟ್ಲಾಂಟಾದಲ್ಲಿ 1929ರ ಫಾಕ್ಸ್ ಥಿಯೇಟರನ್ನು ಕೆಡವಿ ದೂರವಾಣಿ ಕಂಪನಿಯೊಂದು ಕಚೇರಿ ಕಟ್ಟಲು ಹೊರಟಿತ್ತು. ಊರಿನವರು ಎದ್ದುನಿಂತರು, ಚಂದಾ ಎತ್ತಿದರು, 1975ರಲ್ಲಿ ಉಳಿಸಿಕೊಂಡರು. ಇವತ್ತಿಗೂ ಅಲ್ಲಿ ನಾಟಕ, ಸಂಗೀತ, ಸಿನಿಮಾ ನಡೆಯುತ್ತದೆ. ಅಳುವ ಮುಖ ಹಾಕಿ ಉಳಿಸಿದ್ದಲ್ಲ ಅದು.

'ಅವು ಅಮೃತಶಿಲೆಯ ಅರಮನೆ, ನಮ್ಮದು ಶೀಟಿನ ಕೊಟ್ಟಿಗೆ, ಹೋಲಿಕೆ ಯಾಕೆ' ಅಂತ ನೀವು ಕೇಳಬಹುದು. ಅದಕ್ಕೇ ಒಂದು ಸಲ ನಿಂತು ನೋಡಿ ಅನ್ನುವುದು. ನಮ್ಮ ಜಿಲ್ಲಾ ಕೇಂದ್ರಗಳ ಹಳೇ ಟಾಕೀಸನ್ನು ರಸ್ತೆಯಿಂದ ನೋಡಿ, ಆಮೇಲೆ ಹಿಂದೆ ಗಲ್ಲಿಗೆ ಹೋಗಿ ನೋಡಿ. ಮುಂದೆ ಅರಮನೆ, ಹಿಂದೆ ಗೋದಾಮು. ಮುಂದೆ ಎತ್ತರದ ಗೋಡೆ, ಅದರ ಮೇಲೆ ಸಿಮೆಂಟಿನ ಅಕ್ಷರದ ಹೆಸರು, ಗುಂಡನೆಯ ಪೋರ್ಟಿಕೊ, ಬಣ್ಣದ ಮೊಸಾಯಿಕ್ ಹಾಕಿದ ಬಾಲ್ಕನಿ ಮೆಟ್ಟಿಲು, ಗಾಳಿಗೆ ಜಾಲಿ ಇಟ್ಟಿಗೆ. ಹಿಂದೆ ಬರೀ ಇಟ್ಟಿಗೆ ಗೋಡೆ, ಮೇಲೆ ಕಬ್ಬಿಣದ ಟ್ರಸ್ಸು, ಶೀಟು. ಅಮೆರಿಕದ ಅರಮನೆಗಳೂ ಹೀಗೇ! ಬೀದಿಗೆ ಕಾಣುವ ಕಡೆ ಶೃಂಗಾರ, ಹಿಂದೆ ಇಟ್ಟಿಗೆಯ ಡಬ್ಬ. ನಡುವೆ ಒಂದೇ ಒಂದು ಕಂಬ ಇಲ್ಲದ ಹಾಗೆ ಅಷ್ಟಗಲ ಸೂರು ನಿಲ್ಲಿಸುವುದು, ಮುಂದಿನ ಸಾಲಿನವನ ತಲೆ ಅಡ್ಡ ಬಾರದ ಹಾಗೆ ನೆಲವನ್ನು ಇಳಿಜಾರು ಮಾಡುವುದು, ಮಾತು ಪ್ರತಿಧ್ವನಿಸದ ಹಾಗೆ ಗೋಡೆಗೆ ಮೆತ್ತನೆಯ ಹೊದಿಕೆ ಕೊಡುವುದು, ಇದೆಲ್ಲ ಕೊಟ್ಟಿಗೆ ಕಟ್ಟುವ ಕೆಲಸ ಅಲ್ಲ. ಪ್ರೊಜೆಕ್ಟರ್ ಕ್ಯಾಬಿನ್ನಿಗೆ ದಪ್ಪ ಗೋಡೆ, ಪುಟಾಣಿ ಕಿಂಡಿ ಯಾಕೆ ಗೊತ್ತಾ? ಹಳೇ ಕಾಲದ ಫಿಲಂ ಬೆಂಕಿ ಕಂಡರೆ ಮದ್ದಿನ ಹಾಗೆ ಉರಿಯುತ್ತಿತ್ತು. ಒಳಗೆ ಹತ್ತಿಕೊಂಡರೆ ಹೊರಗೆ ಕೂತವರು ಬದುಕಲಿ ಅಂತ ಆ ಕ್ರಮ. ಆ ಕಿಂಡಿಯಿಂದ ಹೊರಟ ಬೆಳಕಿನ ಕೋಲಿನೊಳಗೆ ಬೀಡಿ ಹೊಗೆ ಸುತ್ತುವುದನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆಯಾಯಿತು. ಆ ಕಟ್ಟಡ ಈಗಿಲ್ಲ. ಸಿನೆರಾಮಾ ಪರದೆ ಹಾಕಿದ್ದ, ಸಾವಿರದ ನಾನೂರಕ್ಕೂ ಹೆಚ್ಚು ಸೀಟಿನ ಕಪಾಲಿ 1968ರಲ್ಲಿ ತೆರೆದು ಐವತ್ತು ವರ್ಷ ತುಂಬುವ ಹೊತ್ತಿಗೆ ನೆಲಸಮ. ಬೆಂಗಳೂರಿನ ಸಾಲು ಸಾಲು ಟಾಕೀಸು ಹೋದದ್ದಕ್ಕೆ ಪೇಪರಿನಲ್ಲಿ ಪುಟಗಟ್ಟಲೆ ಬಂತು. ನಮ್ಮ ತಾಲ್ಲೂಕು ಕೇಂದ್ರಗಳ ಟಾಕೀಸು, ಜಾತ್ರೆಯ ಟೆಂಟು ಹೋದಾಗ ಒಂದು ಸಾಲು ಸುದ್ದಿಯೂ ಆಗಲಿಲ್ಲ. ಪತ್ರಿಕೋದ್ಯಮ ಓದಿದ ನಾವೂ ಬರೆಯಲಿಲ್ಲ. ಆ ತಪ್ಪು ನಮ್ಮದೂ ಹೌದು.

ಹಾಗಂತ ಟಾಕೀಸು ಸ್ವರ್ಗವಾಗಿತ್ತು ಅಂತ ನಾನು ಹೇಳಿದರೆ ನಮ್ಮಮ್ಮನೇ ಪೊರಕೆ ತರುತ್ತಾರೆ. ಹೆಂಗಸರ ಟಾಯ್ಲೆಟ್ಟಿಗೆ ಬಾಗಿಲು ಇದ್ದರೆ ಚಿಲಕ ಇರುತ್ತಿರಲಿಲ್ಲ. ಸೆಕೆಂಡ್ ಶೋಗೆ ಹೋದ ಹೆಣ್ಣುಮಕ್ಕಳ ಬಗ್ಗೆ ಊರು ಏನೇನು ಮಾತಾಡುತ್ತಿತ್ತು ಅಂತ ಎಲ್ಲರಿಗೂ ಗೊತ್ತು. ತಿಗಣೆ ಬೇರೆ. ಇನ್ನು ಜಾತಿ. ಹಳ್ಳಿಯ ಹೋಟೆಲಿನಲ್ಲಿ ಲೋಟ ಬೇರೆ ಇದ್ದ ಕಾಲದಲ್ಲಿ ಟಾಕೀಸಿನ ಕಿಂಡಿಯಲ್ಲಿ ಕೈ ಹಾಕಿದವನ ಜಾತಿಯನ್ನು ಯಾರೂ ಕೇಳುತ್ತಿರಲಿಲ್ಲ, ಕತ್ತಲಲ್ಲಿ ಭುಜಕ್ಕೆ ಭುಜ ತಾಗುತ್ತಿತ್ತು ಅಂತ ಅಪ್ಪ ಹೇಳುತ್ತಾರೆ. ನಿಜ. ಆದರೆ ಅದೇ ಅಪ್ಪ ಬಾಲ್ಕನಿ ನೋಡಿದ್ದು ಮದುವೆಯಾದ ಮೇಲೆ, ಒಂದೇ ಸಲ. ಗಾಂಧಿ ಕ್ಲಾಸಿನಲ್ಲಿ ಯಾರು, ಬಾಲ್ಕನಿಯಲ್ಲಿ ಯಾರು ಅಂತ ರೇಟೇ ವಿಂಗಡಿಸುತ್ತಿತ್ತು. ಅಟ್ಲಾಂಟಾದ ಆ ಚೆಂದದ ಫಾಕ್ಸ್‌ನಲ್ಲೂ ಕಪ್ಪು ಜನರಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು ಇತ್ತು. ಉಳಿಸಿಕೊಂಡವರು ಆ ಮೆಟ್ಟಿಲಿನ ಕಥೆಯನ್ನೂ ಸೇರಿಸಿಯೇ ಹೇಳಬೇಕು. ನಾವೂ ಅಷ್ಟೇ.

ಇಷ್ಟೆಲ್ಲಾ ಕೊರತೆ ಇದ್ದೂ, ಪೇಟೆಯಲ್ಲಿ ನಮ್ಮಂಥವರು ಮೂರು ಗಂಟೆ ಕುರ್ಚಿಯ ಮೇಲೆ ಕೂರಬಹುದಾಗಿದ್ದ ಜಾಗ ಇನ್ನೊಂದು ಯಾವುದು? ಹೇಳಿ ನೋಡೋಣ. ಕಚೇರಿಯಲ್ಲಿ ನಿಂತೇ ಇರಬೇಕು. ಎಪಿಎಂಸಿಯಲ್ಲಿ ಮೂಟೆ ಮೇಲೆ. ಆಸ್ಪತ್ರೆಯಲ್ಲಿ ನೆಲದ ಮೇಲೆ. ಈಗ ಮಾಲ್ ಇದೆಯಲ್ಲ ಅಂತೀರಿ. ಒಂದು ಮಲ್ಟಿಪ್ಲೆಕ್ಸಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಅಮ್ಮನ ಚೀಲ ಬಿಚ್ಚಿಸಿ ಚಕ್ಕುಲಿ ಪೊಟ್ಟಣ ತೆಗೆದಿಟ್ಟರು. ಒಳಗೆ ಪಾಪ್‌ಕಾರ್ನಿನ ರೇಟು ನೋಡಿ ಅಪ್ಪ 'ಇಷ್ಟಕ್ಕೆ ಮೆಕ್ಕೆಜೋಳ ಎಷ್ಟು ಮಾರಬೇಕೋ' ಅಂದರು. ನಾನು ನಕ್ಕೆ, ಅವರು ನಗಲಿಲ್ಲ. ಆಮೇಲೆ ಎಷ್ಟು ಕರೆದರೂ ಬಂದಿಲ್ಲ.

ಸರ್ಕಾರ ಎಲ್ಲಾ ಕಡೆ ಟಿಕೇಟು 200 ರೂಪಾಯಿ ದಾಟಬಾರದು ಅಂತ 2025ರಲ್ಲಿ ನಿಯಮ ತಂದಿತು, ಸೆಪ್ಟೆಂಬರಿನಲ್ಲಿ ಹೈಕೋರ್ಟು ತಡೆ ಕೊಟ್ಟಿತು. ಟಿವಿಯಲ್ಲಿ ಎರಡು ವಾರ ಅದೇ ಜಗಳ. ಸ್ವಾಮಿ, 200 ರೂಪಾಯಿಯ ಜಗಳ ಬೆಂಗಳೂರಿನದು. ನಾಲ್ಕು ಜನರ ಮನೆಗೆ ಅದೇ 800 ಆಯಿತು, ಬಸ್ಸು, ಕಾಫಿ ಬೇರೆ. ನಮ್ಮ ಜಗಳ 100 ರೂಪಾಯಿಯ ಒಳಗಿನ ಟಿಕೇಟಿನದು. ಅಂಥ ಟಿಕೇಟಿಗೆ ಅದೇ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಅದಕ್ಕಿಂತ ಮೇಲಿನದಕ್ಕೆ ಶೇ 18. ಕಡಿಮೆ ದರದ ಟಾಕೀಸಿಗೆ ನೆರವು ಬೇಕು ಅಂತ ದೆಹಲಿಗೂ ಗೊತ್ತಾಗಿದೆ ಅಂತಾಯಿತು. ಆದರೆ ಟಾಕೀಸೇ ಇಲ್ಲದ ಊರಿನಲ್ಲಿ ಶೇ 5 ಯಾರಿಗೆ?

ಇನ್ನು ಬಸ್ಸು. 'ಹಳ್ಳಿಯವರು ಸಿನಿಮಾಕ್ಕೆ ಬರುತ್ತಿಲ್ಲ' ಅನ್ನುವವರು ಒಂದು ಸಲ ರಾತ್ರಿ ಒಂಬತ್ತೂವರೆಗೆ, ಫಸ್ಟ್ ಶೋ ಬಿಟ್ಟ ಮೇಲೆ, ಶಿವಮೊಗ್ಗದಿಂದ ನಮ್ಮೂರಿಗೆ ಬಂದು ತೋರಿಸಲಿ. ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಒಳ್ಳೆಯದೇ. ನಮ್ಮ ಕಡೆ ಹೆಚ್ಚು ಓಡುವುದು ಖಾಸಗಿ ಬಸ್ಸು, ಅದೂ ಕತ್ತಲಾದರೆ ಇಲ್ಲ. ಬೈಕಿದ್ದ ಹುಡುಗರು ಮಾತ್ರ ಸಿನಿಮಾ ನೋಡಬಹುದು. ಹಾಗಾಗಿ ಹುಡುಗರಿಗೆ ಬೇಕಾದ ಹೊಡೆದಾಟದ ಸಿನಿಮಾ ಮಾತ್ರ ಓಡುತ್ತದೆ. ಆಮೇಲೆ 'ಫ್ಯಾಮಿಲಿ ಆಡಿಯನ್ಸ್ ಬರ್ತಿಲ್ಲ' ಅಂತ ಸಿನಿಮಾದವರು ಗೋಳಾಡುತ್ತಾರೆ. ಫ್ಯಾಮಿಲಿ ಬಸ್ ಸ್ಟಾಪಿನಲ್ಲಿ ನಿಂತಿದೆ ಸ್ವಾಮಿ.

ಹಳ್ಳಿಯವರಿಗೆ ಸಿನಿಮಾ ರುಚಿ ಇಲ್ಲ, ಕಟ್ಟಡದ ಬೆಲೆ ಗೊತ್ತಿಲ್ಲ ಅನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಶುರುವಾದ ನೀನಾಸಂ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಕಟ್ಟಿತು. ಮರುವರ್ಷ ಚಿತ್ರಸಮಾಜ ಮಾಡಿತು. ಅಡಿಕೆ ಸುಲಿದು ಬಂದ ಕೈಗಳು ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾ ನೋಡಿದವು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇಂಥ ಕೆಲಸಕ್ಕೇ. 'ಘಟಶ್ರಾದ್ಧ' ಮಾಡಿದ ಗಿರೀಶ್ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಸಿನಿಮಾ ಮಾಡುವವರನ್ನು ಕೊಟ್ಟ ಹಳ್ಳಿಗಳಿಗೆ ಸಿನಿಮಾ ನೋಡುವ ಜಾಗ ಬೇಡವಾ?

ಶಿವಪ್ಪನಾಯಕನ ಅರಮನೆಯನ್ನು ಕಾಪಾಡುತ್ತೇವೆ, ಕಾಪಾಡಲೇಬೇಕು. ಸೋಗಾನೆಯಲ್ಲಿ ಕಮಲದ ಆಕಾರದ ವಿಮಾನ ನಿಲ್ದಾಣ ಕಟ್ಟಿದೆವು, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯೂ ಆಯಿತು. ನಮ್ಮೂರಿನ ಹೆಚ್ಚಿನವರು ಅದನ್ನು ನೋಡಿದ್ದು ಕಾಂಪೌಂಡಿನ ಹೊರಗಿನಿಂದ. ಶಿವಮೊಗ್ಗ 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಫುಟ್‌ಪಾತಿನ ಕಲ್ಲು ಬದಲಾಯಿತು, ಮತ್ತೆ ಬದಲಾಯಿತು. ನಾವು ಚಪ್ಪಲಿ ಹಾಕಿಕೊಂಡು ಟಿಕೇಟು ಹಿಡಿದು ಒಳಗೆ ಹೋಗಬಹುದಾಗಿದ್ದ ಕಟ್ಟಡಗಳು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಕೇಳುವುದು ದೊಡ್ಡದೇನಲ್ಲ. ಟಾಕೀಸಿಗೆ ಪರವಾನಗಿ ಕೊಡುವುದು ಜಿಲ್ಲಾಡಳಿತ, 1964ರ ಕಾಯ್ದೆ ಅದರ ಕೈಯಲ್ಲಿದೆ. ಕೆಡವುವ ಮೊದಲು ಆ ಕಟ್ಟಡದ ಅಳತೆ, ಫೋಟೊ, ನಕ್ಷೆ ತೆಗೆದು ಇಡಲಿ. ಎಂಟುನೂರು ಸೀಟಿನ ಹಾಲನ್ನು ಎರಡು ಸಣ್ಣ ಹಾಲು ಮಾಡಿ, ಮುಂದೆ ಮಳಿಗೆ ಹಾಕಿ ನಡೆಸಲು ಮಾಲೀಕ ಮುಂದೆ ಬಂದರೆ ಅವನನ್ನು ಕಚೇರಿಯಿಂದ ಕಚೇರಿಗೆ ಅಲೆಸದಿರಲಿ. ಕಟ್ಟಡದ ಮುಖ ಉಳಿಸಿಕೊಂಡವನಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಭದ್ರಾವತಿಯಲ್ಲಿ ಬೀಗ ಬಿದ್ದ ಹಾಲು ಇದ್ದರೆ ನಗರಸಭೆ ಬಾಡಿಗೆಗೆ ಹಿಡಿದು ವಾರಕ್ಕೆರಡು ದಿನ ನಾಟಕ, ಸಿನಿಮಾ, ಶಾಲೆ ಮಕ್ಕಳ ಕಾರ್ಯಕ್ರಮ ನಡೆಸಲಿ. ಅಟ್ಲಾಂಟಾದವರು ಮಾಡಿದ್ದು ಅಷ್ಟೇ. ಮತ್ತೆ, ಶನಿವಾರ ಭಾನುವಾರವಾದರೂ ರಾತ್ರಿ ಹತ್ತಕ್ಕೆ ಹೊಳೆಹೊನ್ನೂರು, ಆಯನೂರು, ಕುಂಸಿ ಕಡೆಗೆ ಒಂದೊಂದು ಬಸ್ಸು ಬಿಡಲಿ.

ನಾವು ಮಾಡುವುದು ಇದು. ನಿಮ್ಮ ಊರಿನ, ತಾಲ್ಲೂಕಿನ ಟಾಕೀಸು ನಿಂತಿರಲಿ, ಬಿದ್ದಿರಲಿ, ಛತ್ರವಾಗಿರಲಿ, ಮೊಬೈಲ್ ತೆಗೆದುಕೊಂಡು ಹೋಗಿ ನಾಲ್ಕು ಫೋಟೊ ಹೊಡೆಯಿರಿ. ಮುಂದಿನಿಂದ ಒಂದು, ಹಿಂದಿನ ಗಲ್ಲಿಯಿಂದ ಒಂದು, ಟಿಕೇಟು ಕಿಂಡಿ, ಕ್ಯಾಬಿನ್ನಿನ ಕಿಂಡಿ. ಆಪರೇಟರ್ ಆಗಿದ್ದವರು, ಗೇಟ್ ಕೀಪರ್ ಆಗಿದ್ದವರು, ಸೈಕಲ್ ಸ್ಟ್ಯಾಂಡಿನವರು ಯಾರಾದರೂ ಇದ್ದರೆ ಪಕ್ಕ ಕೂತು ಮಾತಾಡಿಸಿ, ಅವರು ಒಪ್ಪಿದರೆ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಹಳೇ ಟಿಕೇಟಿನ ತುಂಡು ಪಂಚಾಂಗದೊಳಗೋ ಟ್ರಂಕಿನಲ್ಲೋ ಸಿಕ್ಕರೆ ಅದರ ಫೋಟೊ ಕೂಡ. ಭದ್ರಾವತಿಯದ್ದು ಒಂದು ನಮ್ಮ ಮಾವನ ಹತ್ತಿರ ಸಿಕ್ಕಿದೆ, ಗುಲಾಬಿ ಬಣ್ಣ, ಸೆಕೆಂಡ್ ಕ್ಲಾಸು, ಅರ್ಧ ಹರಿದದ್ದು. ಅದರಿಂದಲೇ ಶುರು ಮಾಡುತ್ತೇವೆ.